ವಾರಸುದಾರರಿಲ್ಲದ ವೈರು

ಶವಾಗಾರದ ಗುಮಾಸ್ತನಿಗೆ ಧೈರ್ಯ ಇರಲಿಲ್ಲ.

ಕಡಿಮೆ ಇತ್ತು ಎಂದಲ್ಲ, ಇರಲೇ ಇಲ್ಲ. ದೊಡ್ಡಾಸ್ಪತ್ರೆಯ ಹಿಂಭಾಗದ ಆ ತಣ್ಣನೆಯ ಕೋಣೆಗೆ ಒಂಬತ್ತು ವರ್ಷದಿಂದ ಗುಮಾಸ್ತನಾಗಿದ್ದವನು ಒಂದು ಸಲವೂ ಅದರ ಹೊಸ್ತಿಲು ದಾಟಿರಲಿಲ್ಲ. ಅದಕ್ಕೆ ಅವನೇ ಒಂದು ಪದ್ಧತಿ ಕಂಡುಕೊಂಡಿದ್ದ. ಒಳಗಿನ ಅಟೆಂಡರು ಬಂದ ಹೆಣದ ವಿವರಗಳನ್ನು ಗಟ್ಟಿಯಾಗಿ ಹೇಳುತ್ತಿದ್ದ. ಗುಮಾಸ್ತ ಹೊರಗೆ, ಗೋಡೆಗೆ ಮುಖ ಮಾಡಿ ನಿಂತು, ಅವನ್ನು ದಾರ ಪೋಣಿಸಿದ ದಪ್ಪ ಚೀಟಿಯ ಮೇಲೆ ಬರೆದು, ಕೈಯೊಂದನ್ನೇ ಬಾಗಿಲ ಸಂದಿಯಿಂದ ಒಳಕ್ಕೆ ಚಾಚುತ್ತಿದ್ದ. ಅಟೆಂಡರು ಅದನ್ನು ಕಾಲಿನ ಹೆಬ್ಬೆರಳಿಗೆ ಕಟ್ಟುತ್ತಿದ್ದ. ಅಕ್ಷರ ಮುತ್ತಿನಂಥದು, ವಿವರದಲ್ಲಿ ಕೂದಲೆಳೆಯಷ್ಟೂ ತಪ್ಪಿಲ್ಲ. ಹೆದರಿಕೊಂಡು ಮಾಡುವವನ ಕೆಲಸ ಅಚ್ಚುಕಟ್ಟಾಗಿರುತ್ತದೆ; ತಪ್ಪಿದರೆ ಎರಡನೇ ಸಲ ಮಾಡಬೇಕಲ್ಲ.

ಅವನ ಜೀವಮಾನದ ಆಸೆ ಒಂದೇ. ಅದೇ ಆಸ್ಪತ್ರೆಯ ಮುಂಭಾಗದಲ್ಲಿ ಜನನ ನೋಂದಣಿ ವಿಭಾಗವಿತ್ತು. ಅಲ್ಲಿ ಕಿಟಕಿಗೆ ಬಿಸಿಲು ಬೀಳುತ್ತದೆ, ಬಂದವರು ನಗುತ್ತಿರುತ್ತಾರೆ, ದಾಖಲಾಗುವವರು ಅಳುತ್ತಿರುತ್ತಾರೆ, ಎಲ್ಲರೂ ಜೀವಂತ. ಅಲ್ಲಿಗೆ ವರ್ಗ ಕೇಳಿ ಒಂಬತ್ತು ಅರ್ಜಿ ಹಾಕಿದ್ದ. ಒಂಬತ್ತನೆಯದಕ್ಕೆ ಶವಾಗಾರದ ಮುಖ್ಯಸ್ಥ ಡಾಕ್ಟರು ಕೊನೆಗೂ ತಲೆಯಾಡಿಸಿದ್ದರು. ಸೋಮವಾರ ಸಹಿ ಹಾಕುತ್ತೇನೆ, ಅಷ್ಟರೊಳಗೆ ನಿನ್ನ ಮೇಲೆ ಒಂದು ದೂರು ಬರಬಾರದು, ಬಂದರೆ ಅರ್ಜಿ ಕಸದ ಬುಟ್ಟಿಗೆ ಎಂದಿದ್ದರು.

ಅವತ್ತಿನಿಂದ ಗುಮಾಸ್ತ ಗಾಜಿನ ಲೋಟದ ಹಾಗೆ ಓಡಾಡತೊಡಗಿದ. ಬಸ್ಸಿನಲ್ಲಿ ಕಾಲು ತುಳಿದವರಿಗೆ ತಾನೇ ಕ್ಷಮೆ ಕೇಳಿದ. ಬೀದಿಯ ನಾಯಿ ಬೊಗಳಿದರೆ ಅದಕ್ಕೆ ದಾರಿ ಬಿಟ್ಟು ಚರಂಡಿಗೆ ಇಳಿದ. ದೂರು ಎಂಬುದು ಯಾವ ಮೂಲೆಯಿಂದ ಹಾರಿ ಬರುತ್ತದೋ ಬಲ್ಲವರಾರು?

ಅದು ಬಂದದ್ದು ಮಾವನ ಕಾರಿನಿಂದ.

ಮಾವ ಮೂವತ್ತೈದು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು. ಸುಮ್ಮನೆ ಕೂರಲಾರದೆ ಅರವತ್ತು ವರ್ಷ ಹಳೆಯದೊಂದು ಕಾರು ಕೊಂಡಿದ್ದ. ಆಮೆ ಬೆನ್ನಿನ ಆಕಾರ, ಕಪ್ಪೆ ಕಣ್ಣಿನ ದೀಪ, ಮುದುಕನ ಕೆಮ್ಮು. ಅತ್ತೆ ಅದನ್ನು ಕಂಡ ದಿನವೇ, ಈ ಮನೆಯಲ್ಲಿ ನಾನಿರಬೇಕು, ಇಲ್ಲ ಆ ಡಬ್ಬ ಇರಬೇಕು ಎಂದಳು. ಮಾವ ಯೋಚನೆ ಮಾಡಲು ಒಂದು ದಿನ ಸಮಯ ಕೇಳಿದ. ಆ ಕೇಳಿದ್ದೇ ತಪ್ಪಾಯಿತು. ಅರ್ಧ ಗಂಟೆಯಲ್ಲಿ ಅತ್ತೆ ಪೆಟ್ಟಿಗೆ ಹಿಡಿದು ಕಿರಿಮಗಳ ಊರಿಗೆ ಹೊರಟುಹೋದಳು. ಮಾವನ ಓಣಿ ಇಕ್ಕಟ್ಟಾದ್ದರಿಂದ ಕಾರು ಹಿರಿಮಗಳ ಮನೆ ಮುಂದೆ, ಅಂದರೆ ಗುಮಾಸ್ತನ ಮನೆ ಮುಂದೆ, ಬಂದು ನಿಂತಿತು. ಕಾರಿನ ಬಾಲ ಹಿಡಿದು ಮಾವನೂ ಬಂದ.

ಕಾರಿಗೆ ಒಂದು ರೋಗವಿತ್ತು. ಸಂಜೆ ಬ್ಯಾಟರಿ ತುಂಬಿಸಿ ನಿಲ್ಲಿಸಿದರೆ ಬೆಳಿಗ್ಗೆ ಸತ್ತಿರುತ್ತಿತ್ತು. ಬೀಗದ ಕೈ ತೆಗೆದರೂ ಅಷ್ಟೆ, ಫ್ಯೂಸುಗಳನ್ನೆಲ್ಲ ಕಿತ್ತಿಟ್ಟರೂ ಅಷ್ಟೆ. ಮೂವರು ಮೆಕ್ಯಾನಿಕ್ಕುಗಳು ಬಂದು ಹೋದರು. ಕೊನೆಯವನು, ಇದರೊಳಗೆ ಯಾವುದೋ ಒಂದು ವೈರು ಕಳ್ಳತನದಲ್ಲಿ ಕರೆಂಟು ಕುಡಿಯುತ್ತಿದೆ, ಅದನ್ನು ಹಿಡಿಯುವುದು ತನ್ನ ಅಪ್ಪನ ಕೈಯಲ್ಲೂ ಆಗದು ಎಂದು ಹೇಳಿ ಕೈಮುಗಿದು ಹೋದ.

ಶುಕ್ರವಾರ ಊಟಕ್ಕೆ ಕೂತಾಗ ಮಾವ ಈ ವಿಷಯ ತೆಗೆದು, ಈ ಮನೆಯಲ್ಲಿ ಪೆನ್ನು ಹಿಡಿಯುವ ಕೈ ಇದೆ, ಸ್ಪ್ಯಾನರ್ ಹಿಡಿಯುವ ಕೈ ಇಲ್ಲ ಎಂದು ಅನ್ನಕ್ಕೆ ಹೇಳಿದ. ಅಳಿಯನ ಕಡೆ ನೋಡಲಿಲ್ಲ. ಅಳಿಯನ ಬಾಯಿ ಆಗ ಅವನ ಅಪ್ಪಣೆ ಕೇಳದೆ ತೆರೆದುಕೊಂಡಿತು.

"ವೈರು ಅಂದ್ರೆ ಏನು ಮಾವ, ಹಾವಲ್ಲವಲ್ಲ. ಒಂದು ತುದಿ ಹಿಡ್ಕೊಂಡು ಹೋದ್ರೆ ಇನ್ನೊಂದು ತುದಿ ಸಿಗಲೇಬೇಕು. ಒಂದೊಂದಕ್ಕೂ ಚೀಟಿ ಕಟ್ತಾ ಹೋಗೋದು. ಭಾನುವಾರ ಮಧ್ಯಾಹ್ನದೊಳಗೆ ನಿಮ್ಮ ಕಳ್ಳನ್ನ ಹಿಡ್ಕೊಡ್ತೀನಿ."

ಹೆಂಡತಿ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಮನೆಯ ಬಲ್ಬು ಬದಲಾಯಿಸಲೂ ಅವಳೇ ಸ್ಟೂಲು ಹತ್ತಬೇಕಾಗಿತ್ತು.

ಶನಿವಾರ ಅರ್ಧ ದಿನದ ಕೆಲಸ ಮುಗಿಸಿ ಬರುವಾಗ ಗುಮಾಸ್ತ ಬಾಳಿನಲ್ಲಿ ಮೊದಲ ಬಾರಿಗೆ ಕಳ್ಳತನ ಮಾಡಿದ. ಕಚೇರಿಯ ಬೀರುವಿನಿಂದ ದಾರದ ಚೀಟಿಗಳ ಒಂದು ಕಟ್ಟು ಎತ್ತಿ ಊಟದ ಡಬ್ಬಿಯಲ್ಲಿಟ್ಟುಕೊಂಡ. ಬೇರೆ ಚೀಟಿ ಅಂಗಡಿಯಲ್ಲಿ ಸಿಗುತ್ತಿರಲಿಲ್ಲವೆಂದಲ್ಲ. ಒಂಬತ್ತು ವರ್ಷ ಒಂದೇ ಚೀಟಿಯ ಮೇಲೆ ಬರೆದ ಕೈಗೆ ಬೇರೆಯದರ ಮೇಲೆ ಅಕ್ಷರ ಮೂಡುತ್ತಿರಲಿಲ್ಲ. ಮನೆ ಸೇರುವವರೆಗೂ ಆ ಡಬ್ಬಿ ತೊಡೆಯ ಮೇಲೆ ಕೆಂಡದ ಹಾಗಿತ್ತು.

ಕೆಲಸ ಶುರುವಾಯಿತು. ಗುಮಾಸ್ತ ಮೊಣಕಾಲಿನವರೆಗಿನ ರಬ್ಬರ್ ಬೂಟು, ಎರಡು ಜೊತೆ ಕೈಗವಸು ಹಾಕಿ, ಕಾರಿನಿಂದ ಮೂರು ಮಾರು ದೂರದಲ್ಲಿ ನಿಂತ. ಹನ್ನೆರಡು ವೋಲ್ಟು ನೊಣವನ್ನೂ ಕೊಲ್ಲುವುದಿಲ್ಲ ಎಂದು ಮಾವ ಹೇಳಿದ. ತಾನು ನೊಣಕ್ಕಿಂತ ಗಟ್ಟಿ ಎಂಬ ನಂಬಿಕೆ ಗುಮಾಸ್ತನಿಗೆ ಇರಲಿಲ್ಲ. ಮಾವ ಬ್ಯಾಟರಿಯ ತಂತಿ ಬಿಚ್ಚಿ, ನಡುವೆ ಒಂದು ಸಣ್ಣ ಬಲ್ಬು ಸಿಕ್ಕಿಸಿದ. ಕಾರು ಪೂರ್ತಿ ಬಂದ್ ಆಗಿದ್ದರೂ ಆ ಬಲ್ಬು ಮಂಕಾಗಿ ಉರಿಯತೊಡಗಿತು. ಒಳಗೆಲ್ಲೋ ಕಳ್ಳ ಕುಡಿಯುತ್ತಿದ್ದಾನೆ ಎಂಬುದಕ್ಕೆ ಅದು ಸಾಕ್ಷಿ. ಯಾವ ವೈರು ಬಿಚ್ಚಿದಾಗ ಬಲ್ಬು ಆರುತ್ತದೋ ಅದೇ ಕಳ್ಳ.

ವೈರು ಮುಟ್ಟುವ ಕೆಲಸ ಹೆಂಡತಿಯ ಪಾಲಿಗೆ ಬಂತು. ಅವಳು ಟಾರ್ಚು ಕಚ್ಚಿಕೊಂಡು ಡ್ಯಾಶ್‌ಬೋರ್ಡಿನ ಕೆಳಗೆ ಅಂಗಾತ ಮಲಗಿ ಒಳಗಿಂದ ಕೂಗುವುದು, ಗುಮಾಸ್ತ ಹೊರಗೆ ಬರೆಯುವುದು. ಕಚೇರಿಯ ಪದ್ಧತಿಯೇ. ಹಳೆಯ ಕಾಲದ, ಬಟ್ಟೆ ಸುತ್ತಿದ ವೈರುಗಳು. ಕೆಂಪು, ಹಸಿರು, ಹಳದಿ ಎಲ್ಲ ಅರವತ್ತು ವರ್ಷದ ಜಿಡ್ಡಿನಲ್ಲಿ ಒಂದೇ ಬಣ್ಣಕ್ಕೆ ತಿರುಗಿದ್ದವು.

"ಇದೂ ಕಂದು ರೀ. ಕುತ್ತಿಗೆ ಹತ್ರ ಕತ್ತರಿಸಿಬಿಟ್ಟಿದಾರೆ. ಸುಟ್ಟ ವಾಸನೆ ಬರ್ತಿದೆ," ಎಂದು ಅವಳು ಸ್ಟಿಯರಿಂಗಿನ ಬುಡದಿಂದ ಕೂಗಿದಳು.

"ವಯಸ್ಸೆಷ್ಟು ಬರೀಲಿ?"

"ಎಲ್ಲಾ ಒಂದೇ ವಯಸ್ಸು. ಅರವತ್ತು ಬರ್ಕೊಳ್ಳಿ."

ಎದುರುಮನೆಯ ಟೈಲರಮ್ಮನ ಹೊಲಿಗೆ ಯಂತ್ರ ಆಗ ನಿಂತದ್ದನ್ನು ಇವರಿಬ್ಬರೂ ಗಮನಿಸಲಿಲ್ಲ.

ಸಂಜೆಗೆ ಮೂವತ್ತು ವೈರುಗಳಿಗೆ ಮೂವತ್ತು ಚೀಟಿಯಾಯಿತು. ಬಲ್ಬು ಇನ್ನೂ ಉರಿಯುತ್ತಲೇ ಇತ್ತು. ಮೂವತ್ತೊಂದನೆಯ ವೈರು ಮಾತ್ರ ವಿಚಿತ್ರದ್ದು. ಅದು ಫ್ಯೂಸಿನ ಕಡೆ ತಲೆ ಹಾಕದೆ ನೇರ ಬ್ಯಾಟರಿಯಿಂದ ಹೊರಟು, ನೆಲಹಾಸಿನ ಕೆಳಗೆ ಹರಿದು, ಹಿಂದಿನ ಸೀಟಿನೊಳಗೆ ಹೊಕ್ಕಿತ್ತು. ಹೆಂಡತಿ ಅದನ್ನು ಕತ್ತರಿಸಿಬಿಡುತ್ತೇನೆ ಎಂದಳು. ಅಲ್ಲಿ ಏನಿದೆಯೋ ತಿಳಿಯದೆ ಕತ್ತರಿಸಿದರೆ ಕಾರು ಸಿಡಿದು ಬೀದಿಯೇ ಹಾರಿಹೋಗಬಹುದೆಂದು ಗುಮಾಸ್ತ ತಡೆದ. ಸೀಟು ಹರಿದು ನೋಡೋಣವೆಂದಳು. ಅರವತ್ತು ವರ್ಷದ ಅಸಲಿ ಚರ್ಮ, ಅದಕ್ಕೆ ಕತ್ತರಿ ತಾಗಿಸುವವರು ಮೊದಲು ತನ್ನ ಎದೆಗೆ ತಾಗಿಸಲಿ ಎಂದು ಮಾವ ಸೀಟಿಗೆ ಅಡ್ಡ ಕೂತ. ಚೀಟಿ ಕಟ್ಟಿ ಅಲ್ಲಿಗೆ ಬಿಟ್ಟರು.

ಭಾನುವಾರ ಬೆಳಿಗ್ಗೆ ಟೈಲರಮ್ಮ ಬಾಗಿಲು ತೆರೆದಾಗ ಮೆಟ್ಟಿಲ ಮೇಲೆ ಒಂದು ಚೀಟಿ ಬಿದ್ದಿತ್ತು. ಗಾಳಿಗೆ ಗಂಟು ಸಡಿಲವಾಗಿ ಹಾರಿ ಬಂದದ್ದು. ಮೇಲೆ ಅಚ್ಚಿನಲ್ಲಿ ಶವಾಗಾರ ಎಂದಿತ್ತು. ಕೆಳಗೆ ಮುತ್ತಿನಂಥ ಅಕ್ಷರ:

ಸಂಖ್ಯೆ 17. ಹೆಸರು: ತಿಳಿದಿಲ್ಲ. ವಯಸ್ಸು: ಸುಮಾರು ಅರವತ್ತು. ಬಣ್ಣ: ಕಂದು. ಸಿಕ್ಕ ಸ್ಥಳ: ಕಾರಿನ ಮುಂದಿನ ಸೀಟಿನ ಕೆಳಗೆ, ಮಡಚಿ ತುರುಕಿದ ಸ್ಥಿತಿಯಲ್ಲಿ. ಗಾಯ: ಎರಡು ಕಡೆ ಕತ್ತರಿಸಿದೆ, ಒಂದು ತುದಿ ಸುಟ್ಟಿದೆ. ವಾರಸುದಾರರು: ಇಲ್ಲ.

ಟೈಲರಮ್ಮ ಓದಿ ಪಕ್ಕದ ಮನೆಯ ನಿವೃತ್ತ ಹೆಡ್‌ಮೇಷ್ಟ್ರಿಗೆ ತೋರಿಸಿದಳು. ಮೇಷ್ಟ್ರು ನಲವತ್ತು ವರ್ಷ ಗಣಿತ ಹೇಳಿದವರು. ಅವರು ಕನ್ನಡಕ ಹಾಕಿ ಎರಡು ಸಲ ಓದಿ, ವಿವರಗಳನ್ನು ಬಿಟ್ಟು ಸಂಖ್ಯೆಯನ್ನು ಹಿಡಿದರು.

"ಹದಿನೇಳು ಅಂದ್ರೆ ಇದಕ್ಕೆ ಮುಂಚೆ ಹದಿನಾರು ಆಗಿದೆ ಅಂತಾಯ್ತು."

ಆಮೇಲೆ ಟೈಲರಮ್ಮ ಇನ್ನೊಂದು ಲೆಕ್ಕ ಹಾಕಿದಳು. ಆ ಮನೆಗೆ ವಾರಕ್ಕೆರಡು ಸಲ ಬಂದು ಹೋಗುತ್ತಿದ್ದ ಅತ್ತೆ ಈ ಹತ್ತು ದಿನದಿಂದ ಕಣ್ಣಿಗೆ ಬಿದ್ದಿಲ್ಲ. ಮೈಬಣ್ಣ ಕಂದು. ವಯಸ್ಸು ಅರವತ್ತು. ಕುತ್ತಿಗೆಯ ವಿಷಯ ನಿನ್ನೆ ತಾನೇ ಕಿವಿಯಾರೆ ಕೇಳಿದ್ದಳು. ಹೆತ್ತ ಮಗಳೇ ವಯಸ್ಸು ಹೇಳಿ ಬರೆಸುತ್ತಿದ್ದಳಲ್ಲ ಎಂದು ನೆನೆದು ಅವಳು ಅಕ್ಕಪಕ್ಕದ ಮನೆಗಳಿಗೆ ಓಡಿದಳು. ಹತ್ತು ನಿಮಿಷದಲ್ಲಿ ಬೀದಿಯ ಅಷ್ಟೂ ಕಿಟಕಿಗಳು ಒಂದರ ಹಿಂದೆ ಒಂದು ಮುಚ್ಚಿಕೊಂಡವು. ಹಾಲಿನವನು ಇವರ ಪ್ಯಾಕೆಟ್ಟನ್ನು ಬೀದಿಯ ತುದಿಯಲ್ಲೇ ಇಟ್ಟು ಸೈಕಲ್ ತಿರುಗಿಸಿದ.

ಗುಮಾಸ್ತ ಹೊರಗೆ ಬಂದು ಚೀಟಿ ಎಣಿಸಿದ. ಹದಿನೇಳನೆಯದು ಇರಲಿಲ್ಲ. ಮುಚ್ಚಿದ ಕಿಟಕಿಗಳನ್ನು ನೋಡಿದ. ಸರ್ಕಾರಿ ಚೀಟಿ ಕದ್ದದ್ದು ಬೀದಿಗೆಲ್ಲ ಗೊತ್ತಾಗಿಹೋಗಿದೆ. ಇನ್ನು ದೂರು ಬರುವುದೊಂದೇ ಬಾಕಿ, ಬಂದರೆ ಜನನ ವಿಭಾಗದ ಬಿಸಿಲು ಕಿಟಕಿ ಈ ಜನ್ಮಕ್ಕಿಲ್ಲ. ಮಾತಾಡಿ ಸರಿಮಾಡಿಕೊಳ್ಳೋಣವೆಂದು, ಹಾಕಿದ ಬೂಟು ಕೈಗವಸಿನಲ್ಲೇ ಟೈಲರಮ್ಮನ ಮನೆಗೆ ಹೋದ.

ಬಾಗಿಲು ತೆರೆಯಲಿಲ್ಲ. ಕಿಟಕಿ ಒಂದು ಬೆರಳಷ್ಟು ತೆರೆಯಿತು. ಗುಮಾಸ್ತ ಆ ಬೆರಳಗಲದ ಸಂದಿಗೆ ಬಾಯಿಟ್ಟು, ಆದಷ್ಟು ಮೃದುವಾಗಿ, ತನ್ನದೊಂದು ಚೀಟಿ ಬಿದ್ದುಹೋಗಿದೆ, ಸಿಕ್ಕಿದ್ದರೆ ಕೊಟ್ಟುಬಿಡಿ, ಸೋಮವಾರ ಒಂದು ಕಳೆದರೆ ಸಾಕು, ಅಲ್ಲಿಯತನಕ ಯಾರಿಗೂ ಹೇಳಬೇಡಿ ಎಂದು ಬೇಡಿಕೊಂಡ. ಒಳಗಿಂದ ಒಂದು ಉದ್ದನೆಯ ಕತ್ತರಿ ಹೊರಬಂತು. ಅದರ ತುದಿಯಲ್ಲಿ ಚೀಟಿ ಇತ್ತು. ಅದರ ಹಿಂದೆಯೇ ಹೆಂಡತಿ ಹೊಲಿಯಲು ಕೊಟ್ಟಿದ್ದ ಬಟ್ಟೆಯೂ ಮಡಿಕೆ ಬಿಚ್ಚದೆ ಬಂತು.

"ನಾವೇನೂ ನೋಡಿಲ್ಲಪ್ಪ. ನಮಗೆ ಓದೋಕೇ ಬರಲ್ಲ," ಎಂದಿತು ದನಿ.

ಎಂಥ ಒಳ್ಳೆಯ ಜನ ಎಂದುಕೊಂಡು ಗುಮಾಸ್ತ ಹಿಂದಿರುಗಿ, ಚೀಟಿಯನ್ನು ಮತ್ತೆ ಕಟ್ಟಲು ಹೆಂಡತಿಗೆ ಕೊಟ್ಟ. ಅಷ್ಟು ಹೊತ್ತಿಗೆ ಮೇಷ್ಟ್ರು ಚೀಟಿಯ ನಕಲು ಬರೆದುಕೊಂಡು ಹಿತ್ತಿಲ ಬಾಗಿಲಿನಿಂದ ಪೊಲೀಸ್ ಠಾಣೆ ಸೇರಿದ್ದರು.

ಹತ್ತು ಗಂಟೆಗೆ ಜೀಪು ಬಂದು ಕಾರಿಗೆ ಅಡ್ಡ ನಿಂತಿತು. ಅದರಿಂದ ಒಬ್ಬ ಅಧಿಕಾರಿ, ಇಬ್ಬರು ಪೇದೆಗಳು ಇಳಿದರು. ಗುಮಾಸ್ತನ ಕೈಯ ಪೆನ್ನು ಬಿತ್ತು. ಇಷ್ಟು ಸಣ್ಣ ಕಳ್ಳತನಕ್ಕೆ ಜೀಪು ಬರುತ್ತದೆಂದು ಅವನು ಎಣಿಸಿರಲಿಲ್ಲ. ಅಧಿಕಾರಿ ಇನ್ನೂ ಬಾಯಿ ತೆರೆಯುವ ಮೊದಲೇ ಅವನು ಕೈಮುಗಿದ.

"ನಾನೇ ಸಾರ್. ಆಸ್ಪತ್ರೆಯಿಂದ ಊಟದ ಡಬ್ಬೀಲಿ ತಂದೆ."

ಅಧಿಕಾರಿ ಇಪ್ಪತ್ತು ವರ್ಷದ ನೌಕರಿಯಲ್ಲಿ ಬಹಳ ಕೇಳಿದ್ದವನು. ಆದರೂ ಟೋಪಿ ತೆಗೆದು ಹಣೆ ಒರೆಸಿಕೊಂಡ.

"ಡಬ್ಬೀಲಿ. ಎಷ್ಟು?"

"ಉಪಯೋಗಿಸಿದ್ದು ಮೂವತ್ತೊಂದು. ಮಿಕ್ಕಿದ್ದು ಅಡುಗೆಮನೇಲಿದೆ, ಹಾಗೇ ವಾಪಸ್ ಇಟ್ಟುಬಿಡ್ತೀನಿ."

ಚಿಕ್ಕ ಪೇದೆ ಜೀಪಿನೊಳಕ್ಕೆ ಹೋಗಿ ಕೂತ. ಯಾರು ಜೊತೆಗಿದ್ದರೆಂದು ಅಧಿಕಾರಿ ವಿಚಾರಿಸಿದ. ತನ್ನೊಬ್ಬನ ಮೇಲೇ ಬರಲೆಂದು ಗುಮಾಸ್ತ ಹೆಂಡತಿಯನ್ನು ಉಳಿಸಲು ನೋಡಿದ, ಬಾಯಿ ಮಾತ್ರ ಇದ್ದದ್ದನ್ನೇ ಹೇಳಿತು. ತಾನು ಒಂದನ್ನೂ ಕೈಯಿಂದ ಮುಟ್ಟಿಲ್ಲ, ಒಳಗೆ ಹೋಗಲು ತನಗೆ ಹೆದರಿಕೆ, ಅವಳು ಒಳಗಿಂದ ಹೇಳುತ್ತಾಳೆ, ತಾನು ಬರೀ ಬರೆದು ಕೊಡುವವನು ಎಂದ. ಮುಚ್ಚಿದ ಕಿಟಕಿಗಳ ಹಿಂದೆ ಬೀದಿ ಒಟ್ಟಿಗೆ ನಿಟ್ಟುಸಿರು ಬಿಟ್ಟಿತು.

ಗಲಾಟೆ ಕೇಳಿ ಹೆಂಡತಿ ಕೈಗೆ ಗ್ರೀಸು ಮೆತ್ತಿಕೊಂಡು ಹೊರಬಂದಳು. ನಿಮ್ಮ ತಾಯಿ ಎಲ್ಲಿ ಎಂದು ಅಧಿಕಾರಿ ಅವಳನ್ನು ಕೇಳಿದ. ತಂಗಿ ಮನೆಯಲ್ಲಿ ಎಂದು ಅವಳು ಫೋನು ಹಚ್ಚಿಕೊಟ್ಟಳು. ಅಧಿಕಾರಿ ಸ್ಪೀಕರ್ ಹಾಕಿ, ನಿಮ್ಮ ಅಳಿಯನ ಮನೆಯಿಂದ ಮಾತಾಡುತ್ತಿದ್ದೇನೆ, ನಿಮ್ಮ ಯಜಮಾನರ ಕಾರಿನ ವಿಷಯ, ನೀವು ಕ್ಷೇಮವಾಗಿದ್ದೀರಿ ಎಂದು ಒಂದು ಮಾತು ಹೇಳಿದರೆ ಸಾಕು ಎಂದ.

ಕಾರು ಎಂಬ ಒಂದು ಪದ ಹೇಳದಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು.

"ಆ ಮನುಷ್ಯನ ಪಾಲಿಗೆ ನಾನು ಸತ್ತೆ ಅಂತ ಬರ್ಕೊಳ್ಳಿ," ಎಂದಳು ಅತ್ತೆ. "ಆ ಡಬ್ಬದ ಹಿಂದಿನ ಸೀಟಲ್ಲೇ ನನ್ನ ಸಮಾಧಿ ಕಟ್ಟಿದಾರೆ ಅಂತ ಬರ್ಕೊಳ್ಳಿ." ಫೋನು ಕುಕ್ಕಿದಳು.

ಸತ್ತವರು ತಮ್ಮ ವಿಳಾಸ ತಾವೇ ಕೊಟ್ಟ ಪ್ರಕರಣ ಅಧಿಕಾರಿಯ ಅನುಭವದಲ್ಲಿ ಇದೇ ಮೊದಲು. ಅವನು ಕಾರಿನ ಬಾಗಿಲು ತೆಗೆದು ಇಣುಕಿದ. ಒಳಗೆ ಚೀಟಿಗಳು ತೋರಣದಂತೆ ನೇತಾಡುತ್ತಿದ್ದವು. ಒಂದನ್ನು ಹಿಡಿದು ನೋಡಿದ. ದಾರದ ಇನ್ನೊಂದು ತುದಿಯಲ್ಲಿ ವೈರಿತ್ತು. ಎರಡನೆಯದರಲ್ಲೂ ವೈರು, ಐದನೆಯದರಲ್ಲೂ ವೈರು. ಅವನ ಮುಖಕ್ಕೆ ರಕ್ತ ಮರಳಿತು, ಬೆನ್ನಲ್ಲೇ ಕೋಪವೂ. ಆದರೆ ಲಿಖಿತ ದೂರು ಬಂದಾಗಿತ್ತು, ಸ್ವತಃ ಮೃತಳೇ ಹಿಂದಿನ ಸೀಟು ಎಂದಾಗಿತ್ತು, ಮೂವತ್ತೊಂದನೆಯ ಚೀಟಿಯ ವೈರು ಆ ಸೀಟಿನೊಳಕ್ಕೇ ಹೋಗಿತ್ತು. ಕಾಗದಕ್ಕೆ ಉತ್ತರ ಬೇಕಲ್ಲ. ಸೀಟು ಕೊಯ್ಯಿರಿ ಎಂದ.

ಮಾವ ಸೀಟಿನ ಮೇಲೆ ಬೋರಲು ಬಿದ್ದ. ಇಬ್ಬರು ಪೇದೆಗಳು ಅವನ ಕಾಲು ಹಿಡಿದೆಳೆದರು. ಟೈಲರಮ್ಮನ ಕಿಟಕಿಯಿಂದ ಕತ್ತರಿ ಕೇಳಿ ತಂದರು. ಅವಳು ಕೊಡುವಾಗ ಕಣ್ಣು ಮುಚ್ಚಿಕೊಂಡಿದ್ದಳು. ಮೇಷ್ಟ್ರ ಹಿಂದೆ ಬೀದಿಯ ಜನ ಒಬ್ಬೊಬ್ಬರಾಗಿ ಹೊರಬಂದು ಕಾರಿನ ಸುತ್ತ ಸೇರಿದರು. ಅಸಲಿ ಚರ್ಮ ಚರ್ರೆಂದು ಹರಿಯಿತು. ಕೆಳಗೆ ನಾರು, ಅದರ ಕೆಳಗೆ ಒಂದು ತಗಡಿನ ಪೆಟ್ಟಿಗೆ. ಮುಚ್ಚಳದ ಸಣ್ಣ ಸಣ್ಣ ತೂತುಗಳಿಂದ ಕೆಂಪು ಬೆಳಕು ಬರುತ್ತಿತ್ತು.

ದೊಡ್ಡ ಪೇದೆ ಮುಚ್ಚಳವನ್ನು ಲಾಠಿಯಿಂದ ಎತ್ತಿದ. ಕೆಂಪು ಬಣ್ಣ ಬಳಿದ ಬಲ್ಬೊಂದು ಒಳಗೆ ಬೆಚ್ಚಗೆ ಉರಿಯುತ್ತಿತ್ತು. ಅದರ ಸುತ್ತ, ಬೆರಳಿನ ಗೆಣ್ಣಿನಷ್ಟುದ್ದದ ಎಳೆಯ ಮೂಳೆಗಳು.

ಲಾಠಿ ಬಿತ್ತು. ಅಧಿಕಾರಿ ಹಿಂದೆ ಸರಿದು ಮೇಷ್ಟ್ರ ಕಾಲು ತುಳಿದ. ಮಾವ ತಾನು ಕೊಂಡು ಎರಡೇ ವಾರವಾಯಿತು, ತನಗೇನೂ ಗೊತ್ತಿಲ್ಲ ಎಂದು ಗಾಳಿಗೆ ಹೇಳತೊಡಗಿದ. ಗುಮಾಸ್ತನೋ, ಒಂಬತ್ತು ವರ್ಷ ತಪ್ಪಿಸಿಕೊಂಡು ಬಂದದ್ದನ್ನು ಕೊನೆಗೂ ಕಣ್ಣಾರೆ ಕಂಡು, ಬೂಟಿನ ಸಮೇತ ನಡುಬೀದಿಯಲ್ಲಿ ಕೂತುಬಿಟ್ಟ. ಏಳಲು ಕಾಲು ಬರಲಿಲ್ಲ. ಓಡಿಹೋದವರ ಚಪ್ಪಲಿಗಳು ಬೀದಿಯುದ್ದಕ್ಕೂ ಬಿದ್ದಿದ್ದವು. ಮೂಳೆ ಎಂದ ಮೇಲೆ ಅದು ಶವಾಗಾರದ ಡಾಕ್ಟರ ಕೆಲಸ. ಅಧಿಕಾರಿ ಆಸ್ಪತ್ರೆಗೆ ಫೋನು ಮಾಡಿದ.

ಡಾಕ್ಟರು ಭಾನುವಾರದ ಹಳೆ ಅಂಗಿಯಲ್ಲಿ ಸ್ಕೂಟರಿನ ಮೇಲೆ ಬಂದರು. ಬೀದಿಯಲ್ಲಿ ಕೂತ ತಮ್ಮ ಗುಮಾಸ್ತನನ್ನು ಸುತ್ತಿ ದಾಟಿ, ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದು ಮೂಳೆ ಎತ್ತಿ ಬಿಸಿಲಿಗೆ ಹಿಡಿದರು. ಮೂಲೆಯಿಂದ ಒಂದು ಹಳದಿ ಪುಕ್ಕ ತೆಗೆದರು.

"ಕೋಳಿಮರಿ," ಎಂದರು. ಆಮೇಲೆ ಮತ್ತಷ್ಟು ಎಣಿಸಿ, "ಎಂಟು," ಎಂದರು.

ಯಾರೋ ಹಳೆಯ ಮಾಲೀಕ ಕೋಳಿಮರಿ ವ್ಯಾಪಾರದವನಿರಬೇಕು, ದಾರಿಯಲ್ಲಿ ಮರಿಗಳಿಗೆ ಚಳಿಯಾಗದಿರಲೆಂದು ಸೀಟಿನ ಕೆಳಗೆ ಕಾವಿನ ಬಲ್ಬು ಇಟ್ಟು, ಅದಕ್ಕೆ ಬ್ಯಾಟರಿಯಿಂದಲೇ ವೈರು ಎಳೆದಿದ್ದಾನೆ ಎಂದು ಬಿಡಿಸಿ ಹೇಳಿದರು. ಮಾರುವಾಗ ಬಲ್ಬನ್ನೂ ಮರೆತಿದ್ದ, ಎಂಟು ಮರಿಗಳನ್ನೂ ಮರೆತಿದ್ದ. ಹೆಂಡತಿ ಆ ಬಲ್ಬು ತಿರುಗಿಸಿ ಕಿತ್ತಳು. ಬ್ಯಾಟರಿಯ ಬಳಿಯ ಸಾಕ್ಷಿ ಬಲ್ಬು ಪಟ್ಟನೆ ಆರಿತು. ಮೂವರು ಮೆಕ್ಯಾನಿಕ್ಕುಗಳಿಗೆ ಸಿಗದ ಕಳ್ಳ ಸಿಕ್ಕಿದ್ದ. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಮೇಷ್ಟ್ರು ದೂರು ಹಿಂತೆಗೆದುಕೊಂಡರು. ಕೋಳಿ ಸತ್ತದ್ದಕ್ಕೆ ಕೇಸು ಹಾಕಲು ಬರುವುದಿಲ್ಲವೆಂದು ಅಧಿಕಾರಿ ಆ ಕಾಗದವನ್ನು ಅಲ್ಲೇ ಹರಿದ. ಗುಮಾಸ್ತ ಆ ಹರಿಯುವ ಸದ್ದನ್ನು ಕೇಳಿಸಿಕೊಂಡ. ದೂರಿಲ್ಲ. ನಾಳೆ ಸೋಮವಾರ. ಅವನ ಕಾಲಿಗೆ ನಿಧಾನವಾಗಿ ಜೀವ ಬಂತು.

ಆಗ ಡಾಕ್ಟರು ಕಾರಿನೊಳಗೆ ತಲೆ ಹಾಕಿದರು. ತಲೆ ಬಹಳ ಹೊತ್ತು ಹೊರಗೆ ಬರಲಿಲ್ಲ. ಅವರು ಮೂವತ್ತೊಂದು ಚೀಟಿಗಳನ್ನೂ ಒಂದೊಂದಾಗಿ ಬಿಚ್ಚಿ ಓದುತ್ತಿದ್ದರು. ಗುಮಾಸ್ತ ಎದ್ದು ಹೋಗಿ ಪಕ್ಕದಲ್ಲಿ ಕೈಕಟ್ಟಿ ನಿಂತ. ಕಚೇರಿಯ ಸೊತ್ತು, ತಪ್ಪಾಯಿತು, ಚೀಟಿಯ ಬೆಲೆ ಸಂಬಳದಲ್ಲಿ ಹಿಡಿಯಿರಿ ಎಂದ. ಡಾಕ್ಟರು ಕೇಳಿಸಿಕೊಳ್ಳಲಿಲ್ಲ. ಕೊನೆಯ ಚೀಟಿ ಮುಗಿಸಿ ಕನ್ನಡಕ ತೆಗೆದರು. ಅವರ ಕಣ್ಣು ತೇವವಾಗಿತ್ತು.

"ನಾನು ಇಪ್ಪತ್ತಾರು ವರ್ಷದಿಂದ ಈ ವಿಭಾಗದಲ್ಲಿದೀನಿ," ಎಂದರು. "ಬರೀ ಒಂದು ವೈರಿಗೆ ಚೀಟಿ ಬರೆದು ಒಂದಿಡೀ ಬೀದಿನ ನಡುಗಿಸಿದೀಯ. ಪೊಲೀಸಿನೋರು ಓದಿ ನಂಬಿದಾರೆ. ನಿನ್ನಂಥೋನನ್ನ ನಾನು ಅಳೋ ಮಕ್ಕಳ ಹೆಸರು ಬರೆಯೋಕೆ ಕಳಿಸಲಾ?"

ಗುಮಾಸ್ತ ಏನೋ ಹೇಳಲು ಬಾಯಿ ತೆರೆದ. ತಾನು ಅಷ್ಟೇನೂ ಚೆನ್ನಾಗಿ ಬರೆಯುವುದಿಲ್ಲ, ಬೇಕಾದರೆ ಇನ್ನೂ ಕೆಟ್ಟದಾಗಿ ಬರೆಯಬಲ್ಲೆ ಎಂದು ಹೇಳಬೇಕೆಂದಿದ್ದ. ಅಷ್ಟರೊಳಗೆ ಡಾಕ್ಟರು ಅವನ ಬೆನ್ನು ತಟ್ಟಿ, ಹೊಸಬರಿಗೆ ಮಾದರಿಯಾಗಿ ಗೋಡೆಗೆ ಹಾಕಲು ಎಂದು ಚೀಟಿಗಳನ್ನೆಲ್ಲ ಜೇಬಿಗಿಳಿಸಿ ಸ್ಕೂಟರು ಒದ್ದರು.

ಸೋಮವಾರ ಹನ್ನೊಂದಕ್ಕೆ ಅರ್ಜಿ ಮರಳಿ ಬಂತು. ಈ ನೌಕರರ ಸೇವೆ ಶವಾಗಾರಕ್ಕೆ ನಿವೃತ್ತಿಯವರೆಗೂ ಅತ್ಯಗತ್ಯ ಎಂದು ಅದರ ಮೇಲೆ ಕೆಂಪು ಶಾಯಿಯಲ್ಲಿ ಷರಾ ಇತ್ತು. ಗುಮಾಸ್ತನ ನಿವೃತ್ತಿಗೆ ಇನ್ನು ಇಪ್ಪತ್ತೆರಡು ವರ್ಷ ಬಾಕಿಯಿತ್ತು.

ಒಟ್ಟು ಹೋದದ್ದು: ಚರ್ಮದ ಸೀಟು ಒಂದು, ಚೀಟಿ ಮೂವತ್ತೊಂದು, ವರ್ಗಾವಣೆ ಒಂದು, ಕೋಳಿಮರಿ ಎಂಟು.